ಮೂರನೆಯ ನೆರಿಗೆಯ ಹಸಿರು ಹೊಲಿಗೆ

ಶ್ವೇತಳ ಕೆಲಸವನ್ನು ಅವಳ ತಂದೆ ಶಶಿಧರ ಊರವರಿಗೆಲ್ಲ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: ಫಾರಿನ್ ಮ್ಯಾಗಜೀನ್ ಒಂದರ ಫೋಟೋ ಕರೆಕ್ಷನ್. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮ್ಯಾಗಜೀನ್ ಯಾವುದೆಂದು ಅವರು ಕೇಳಿರಲಿಲ್ಲ, ಕರೆಕ್ಷನ್ ಎಂಥದ್ದೆಂದು ಅವಳು ಹೇಳಿರಲಿಲ್ಲ.

ಮ್ಯಾಗಜೀನಿನ ಹೆಸರು ‘ಸೋಲಾನೋ’. ಯುರೋಪಿನಲ್ಲಿ ಹುಟ್ಟಿದ, ಗಂಡಸರಿಗೆಂದೇ ಮಾಡಿದ ಪತ್ರಿಕೆ. ಕೈಗಡಿಯಾರ, ಕಾರು, ಪ್ರವಾಸ, ದೊಡ್ಡವರ ಸಂದರ್ಶನಗಳ ನಡುವೆ ಪ್ರತಿ ಸಂಚಿಕೆಯಲ್ಲೂ ಹತ್ತು ಹನ್ನೆರಡು ಪುಟ ಬಟ್ಟೆ ಕಡಿಮೆಯಿರುವ ಅಥವಾ ಇಲ್ಲದಿರುವ ಹೆಂಗಸರ ಚಿತ್ರಗಳು. ಏಷ್ಯಾದ ಒಂಬತ್ತು ದೇಶಗಳಲ್ಲಿ ಅದರ ಸ್ಥಳೀಯ ಆವೃತ್ತಿಗಳಿದ್ದವು. ಚಿತ್ರ ಒಂದೇ, ದೇಶಕ್ಕೊಂದು ನಿಯಮ. ಸಿಂಗಾಪುರದ ಕಚೇರಿ ಆ ನಿಯಮಗಳನ್ನೆಲ್ಲ ಒಂದು ಕೋಷ್ಟಕದಲ್ಲಿ ಬರೆದಿಟ್ಟಿತ್ತು. ಒಂದು ಆವೃತ್ತಿಯಲ್ಲಿ ಹೊಕ್ಕುಳು ಕಾಣಬಹುದು, ಕೈಯಲ್ಲಿ ಮದ್ಯದ ಗ್ಲಾಸು ಕಾಣಬಾರದು. ಇನ್ನೊಂದರಲ್ಲಿ ಗ್ಲಾಸು ಇರಬಹುದು, ಭುಜ ಅರ್ಧಕ್ಕಿಂತ ಹೆಚ್ಚು ತೆರೆದಿರಬಾರದು. ಶ್ವೇತ ಸಂಪಾಜೆಯ ಮನೆಯಲ್ಲೇ ಕೂತು ಆ ಕೋಷ್ಟಕವನ್ನು ನೋಡಿಕೊಂಡು ಚಿತ್ರದೊಳಗಿನ ಹೆಂಗಸರಿಗೆ ಬಟ್ಟೆ ಉಡಿಸುತ್ತಿದ್ದಳು. ಕತ್ತಿನ ಅಂಚನ್ನು ಎರಡು ಸೆಂಟಿಮೀಟರ್ ಏರಿಸುವುದು, ಬರಿ ತೊಡೆಯ ಮೇಲೆ ಲಂಗ ಇಳಿಸುವುದು, ಗ್ಲಾಸನ್ನು ಅಳಿಸಿ ಆ ಬೆರಳುಗಳ ನಡುವೆ ಒಂದು ಹೂವು ಇಡುವುದು. ಬಟ್ಟೆ ಹೊಸತಾದರೂ ನೆರಳು ಹಳೆಯ ಬೆಳಕಿಗೆ ಹೊಂದಬೇಕು.

ಸುಳ್ಯದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಅವಳಿಗೆ ಈ ಕೈಚಳಕ ಬಂದದ್ದು ಸಸ್ಯಶಾಸ್ತ್ರದ ಉಪನ್ಯಾಸಕರೊಬ್ಬರಿಂದ. ಒಣಗಿದ ಎಲೆಗಳ ಫೋಟೋಗಳಲ್ಲಿ ಧೂಳಿನ ಚುಕ್ಕೆ ಯಾವುದು, ಎಲೆಯ ಚುಕ್ಕೆ ಯಾವುದು ಎಂದು ಬೇರ್ಪಡಿಸುವ ಕೆಲಸವನ್ನು ಅವರು ಅವಳಿಗೆ ಕೊಟ್ಟಿದ್ದರು. ಅಂದಿನ ಶಿಸ್ತನ್ನು ಅವಳು ಬಿಟ್ಟಿರಲಿಲ್ಲ. ಪ್ರತಿ ಚಿತ್ರಕ್ಕೂ ಒಂದು ಸಂಖ್ಯೆ, ಪ್ರತಿ ಬದಲಾವಣೆಗೂ ಒಂದು ದಿನಾಂಕ. ಕೆಲಸ ಮುಗಿದ ಮೇಲೆ ಹನ್ನೆರಡು ಪ್ರಶ್ನೆಗಳ ಒಂದು ನಮೂನೆಯನ್ನು ತುಂಬಿ ಕಳಿಸಬೇಕಿತ್ತು. ಮೂರು ವರ್ಷಗಳಲ್ಲಿ ಅವಳ ಒಂದೇ ಒಂದು ನಮೂನೆಯೂ ತಿರುಗಿ ಬಂದಿರಲಿಲ್ಲ.

ಜನವರಿಯಲ್ಲಿ ಬಂದ ಒಂದು ಚಿತ್ರ ಅವಳನ್ನು ಎರಡು ದಿನ ಸತಾಯಿಸಿತು. ಸಮುದ್ರದ ಕಡೆ ತೆರೆದ ಕಿಟಕಿ, ಅದರೆದುರು ಬೆನ್ನು ತೋರಿಸಿ ನಿಂತ ಹೆಂಗಸು, ಮೈಮೇಲೆ ಏನೂ ಇಲ್ಲ. ಭಾರತದ ಆವೃತ್ತಿಗೆ ಅವಳಿಗೆ ಸೀರೆ ಉಡಿಸಬೇಕೆಂದು ಮುಂಬಯಿಯ ಸಂಪಾದಕರು ಬರೆದಿದ್ದರು. ಬೆನ್ನು ಸ್ವಲ್ಪ ಕಾಣಲಿ, ಸೊಂಟದ ಕೆಳಗೆ ಮೈಯ ಆಕಾರ ಕಾಣಬಾರದು. ಕಂಪನಿಯ ಸಂಗ್ರಹದಲ್ಲಿದ್ದ ಸೀರೆಯ ಚಿತ್ರಗಳಲ್ಲೆಲ್ಲ ನೆರಿಗೆ ಮುಂದಿತ್ತು. ಹಿಂದಿನಿಂದ ನೋಡಿದರೆ ಬಟ್ಟೆ ಮೈಗೆ ಅಂಟಿಕೊಂಡು, ಮುಚ್ಚಬೇಕಾದದ್ದನ್ನೇ ಎತ್ತಿ ತೋರಿಸುತ್ತಿತ್ತು. ಶ್ವೇತ ನಾಲ್ಕು ಸೀರೆ ಉಡಿಸಿ ನಾಲ್ಕನ್ನೂ ತೆಗೆದಳು.

ಉತ್ತರ ಎರಡನೆಯ ದಿನ ಮಧ್ಯಾಹ್ನ ತಾನಾಗಿ ಮನೆಯೊಳಗೆ ನಡೆದು ಬಂತು. ಚಿಕ್ಕಮ್ಮ ಯಮುನಳ ಮಗಳು ಮೋಕ್ಷಿತಾ, ಶ್ವೇತಳಿಗಿಂತ ಮೂರು ವರ್ಷಕ್ಕೆ ಚಿಕ್ಕವಳು, ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಎರಡನೆಯ ತರಗತಿಯ ಟೀಚರ್. ಅಂದು ಶಾಲೆಯ ವಾರ್ಷಿಕೋತ್ಸವ. ಟೀಚರುಗಳೆಲ್ಲ ಕೊಡಗಿನ ರೀತಿಯಲ್ಲಿ ಸೀರೆ ಉಟ್ಟಿದ್ದರು: ನೆರಿಗೆ ಬೆನ್ನ ಹಿಂದೆ, ಸೆರಗು ಎಡಗಂಕುಳಿನ ಕೆಳಗಿಂದ ಎದೆಯ ಮೇಲೆ ಹಾದು ಬಲ ಭುಜದ ಪಿನ್ನಿಗೆ. ಕಾರ್ಯಕ್ರಮ ಮುಗಿಸಿ ಕಾಫಿ ಕುಡಿಯಲು ಬಂದ ಮೋಕ್ಷಿತಾ ನೀರು ತರಲು ಒಳಗೆ ತಿರುಗಿದಳು. ಸೊಂಟದಿಂದ ಬೀಸಣಿಗೆಯಂತೆ ಇಳಿದ ಏಳು ನೆರಿಗೆಗಳು ಶ್ವೇತಳ ಕಣ್ಣಿಗೆ ಬಿದ್ದವು. ಆ ನೆರಿಗೆಗಳ ಹಿಂದೆ ಯಾವ ಆಕಾರವೂ ಕಾಣುತ್ತಿರಲಿಲ್ಲ.

ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಲ್ಲಲು ಅವಳು ಹೇಳಿದಳು.

“ಎಂತಕ್ಕೆ ಶ್ವೇತಕ್ಕ?”

“ಕೆಲ್ಸಕ್ಕೆ. ನೆರಿಗೆ ಬೇಕು.”

ಮೋಕ್ಷಿತಾ ಮತ್ತೆ ಕೇಳಲಿಲ್ಲ. ಅಕ್ಕನ ಕೆಲಸವೆಂದರೆ ಫೋಟೋ, ಫೋಟೋಗೆ ನಿಲ್ಲುವುದೆಂದರೆ ನಿಲ್ಲುವುದು, ಅಷ್ಟೆ. ನಾಲ್ಕು ನಿಮಿಷದಲ್ಲಿ ಹನ್ನೊಂದು ಫೋಟೋ ಆದವು. ಬಿಸಿಯಾಗಿದ್ದ ಕಾಫಿ ಕುಡಿಯಲು ಹದವಾಗುವ ಹೊತ್ತಿಗೆ ಕೆಲಸ ಮುಗಿದಿತ್ತು.

ಮಾರನೆಯ ದಿನ ಕಿಟಕಿಯ ಹೆಂಗಸಿಗೆ ಮೋಕ್ಷಿತಾಳ ಕೆಂಪು ಸೀರೆ ಒಪ್ಪವಾಗಿ ಕೂತಿತು. ಆ ಹೆಂಗಸಿನ ಬೆನ್ನಿನ ಮೇಲಿದ್ದ ಮೂವತ್ತೆಂಟು ಚುಕ್ಕೆ, ಗೀರು, ಕಲೆಗಳನ್ನು ಶ್ವೇತ ಒಂದೊಂದಾಗಿ ತೆಗೆದಳು. ಸೀರೆಯ ಮೂರನೆಯ ನೆರಿಗೆಯ ಅಂಚಿನಲ್ಲಿ ಬೆರಳಿನ ಉಗುರಿನಷ್ಟಗಲದ ತ್ರಿಕೋನದ ಹರಕು, ಅದರ ಮೇಲೆ ಹಸಿರು ದಾರದ ಹೊಲಿಗೆ. ಹಿಂದೆ ಯಾವಾಗಲೋ ಬೇಲಿಗೆ ಸಿಕ್ಕಿ ಹರಿದಾಗ ಯಮುನ ಚಿಕ್ಕಮ್ಮ ಕೈಗೆ ಸಿಕ್ಕಿದ ದಾರದಲ್ಲಿ ಹೊಲಿದದ್ದು. ಆ ಹೊಲಿಗೆಯನ್ನು ಶ್ವೇತ ನೋಡುತ್ತ ಬಂದು ಎಂಟು ವರ್ಷವಾಗಿತ್ತು. ಅಪರಿಚಿತಳ ಮೈಯ ಕಲೆಗಳೆಲ್ಲ ಅವಳಿಗೆ ದೋಷವಾಗಿ ಕಂಡವು, ಇದು ಕಾಣಲಿಲ್ಲ. ಅದು ಸೀರೆಯ ಭಾಗವೇ ಆಗಿಹೋಗಿತ್ತು.

ನಮೂನೆಯ ಏಳನೆಯ ಪ್ರಶ್ನೆ ಹೀಗಿತ್ತು: ಈ ಚಿತ್ರದಲ್ಲಿ ಮೂಲ ರೂಪದರ್ಶಿಯಲ್ಲದೆ ಬೇರೆ ವ್ಯಕ್ತಿಯ ಯಾವುದೇ ಭಾಗವನ್ನು ಬಳಸಲಾಗಿದೆಯೇ? ಹೌದಾದರೆ ಆ ವ್ಯಕ್ತಿಯ ಒಪ್ಪಿಗೆ ಪತ್ರ ಲಗತ್ತಿಸಿ. ಶ್ವೇತ ‘ಇಲ್ಲ’ ಎಂದು ಗುರುತು ಹಾಕಿದಳು. ಬಳಸಿದ್ದು ಬಟ್ಟೆ, ವ್ಯಕ್ತಿಯಲ್ಲ ಎಂಬುದು ಅವಳ ಲೆಕ್ಕ.

ಸಂಚಿಕೆ ಮಾರ್ಚ್ ಮೊದಲ ವಾರ ಹೊರಬಂತು. ಎರಡನೆಯ ವಾರ ಆ ಪುಟ ಮಡಿಕೇರಿಯಿಂದ ಸಂಪಾಜೆಯವರೆಗಿನ ಫೋನುಗಳಲ್ಲಿ ಓಡಾಡತೊಡಗಿತು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಅದು ಸೀರೆಯುಟ್ಟ ಒಬ್ಬ ಹೆಂಗಸು ಅಷ್ಟೇ. ಕೊಡಗಿನಲ್ಲಿ ಹಾಗಲ್ಲ, ಹಿಂದೆ ನೆರಿಗೆ ಇದೆಯೆಂದರೆ ಅವಳು ಇಲ್ಲಿಯವಳು. ಇಲ್ಲಿಯವಳಾದರೆ ಯಾರ ಮನೆಯವಳು ಎಂಬುದು ಮುಂದಿನ ಪ್ರಶ್ನೆ. ಮೂರು ದಿನದಲ್ಲಿ ಅದಕ್ಕೂ ಉತ್ತರ ಸಿಕ್ಕಿತು. ಶಾಲೆಯ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಎರಡು ಚಿತ್ರಗಳನ್ನು ಅಕ್ಕಪಕ್ಕ ಹಾಕಿದ್ದರು. ಎಡಗಡೆ ‘ಸೋಲಾನೋ’ದ ಪುಟ. ಬಲಗಡೆ ವಾರ್ಷಿಕೋತ್ಸವದಂದು ಮಕ್ಕಳನ್ನು ವೇದಿಕೆಗೆ ಹತ್ತಿಸುತ್ತಿದ್ದ ಮೋಕ್ಷಿತಾ ಟೀಚರ್, ಹಿಂದಿನಿಂದ. ಎರಡರಲ್ಲೂ ಮೂರನೆಯ ನೆರಿಗೆಯ ಮೇಲೆ ಹಸಿರು ಹೊಲಿಗೆಗೆ ಕೆಂಪು ವೃತ್ತ ಎಳೆದಿದ್ದರು.

ಬುಧವಾರ ಶಾಲೆಯವರು ಮೋಕ್ಷಿತಾಳನ್ನು ಮನೆಯಲ್ಲಿರಲು ಹೇಳಿದರು. ಶುಕ್ರವಾರ ಮೂರು ಗಂಟೆಗೆ ಆಡಳಿತ ಮಂಡಳಿಯ ಸಭೆ, ಅಲ್ಲಿ ಬಂದು ವಿವರಣೆ ಕೊಡಬೇಕು. ತೃಪ್ತಿಯಾಗದಿದ್ದರೆ ಮುಂದಿನ ವರ್ಷದಿಂದ ಅವಳು ಬೇಡ.

ಅದೇ ಸಂಜೆ ಮೋಕ್ಷಿತಾ ಶ್ವೇತಳ ಕೋಣೆಗೆ ಬಂದು ಬಾಗಿಲಲ್ಲೇ ನಿಂತು ಫೋನನ್ನು ಚಾಚಿದಳು.

“ಕೆಲ್ಸಕ್ಕೆ ನೆರಿಗೆ ಬೇಕು ಅಂದದ್ದು ಇದಕ್ಕಾ?”

ಶ್ವೇತ ಹೌದೆಂದಳು. ಕೆಲಸವೇನೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ತನಗೆ ಗೊತ್ತಿದ್ದ ಕ್ರಮದಲ್ಲೇ ಹೇಳಿದಳು: ಪತ್ರಿಕೆ, ದೇಶಗಳು, ಕೋಷ್ಟಕ, ಕಿಟಕಿಯ ಹೆಂಗಸು, ಹನ್ನೊಂದು ಫೋಟೋ. ಮೋಕ್ಷಿತಾ ಅಳಲಿಲ್ಲ. ಎರಡನೆಯ ತರಗತಿಯ ಮಕ್ಕಳ ತಪ್ಪು ಲೆಕ್ಕವನ್ನು ಕೇಳುವ ಹಾಗೆ ಕೊನೆಯ ತನಕ ಕೇಳಿ, ಇದನ್ನೆಲ್ಲ ಶುಕ್ರವಾರ ಅವರೆದುರು ಹೇಳಲು ಆಗುತ್ತದೆಯೇ ಎಂದಷ್ಟೇ ಕೇಳಿದಳು. ಆಗುತ್ತದೆ ಎಂದು ಶ್ವೇತ ಹೇಳಿದಳು. ಹಾಗೆ ಹೇಳುವಾಗ ಅವಳ ತಲೆಯಲ್ಲಿ ಇದ್ದದ್ದು ಕಂಪನಿಯ ಗೋಪ್ಯತೆಯ ಕರಾರಲ್ಲ, ಅಪ್ಪ.

ಶಶಿಧರ ಮಾರನೆಯ ಬೆಳಿಗ್ಗೆ ರಬ್ಬರ್ ಹಾಲಿನ ಬಕೆಟುಗಳನ್ನು ತೊಳೆಯುತ್ತಿದ್ದರು. ಮಗಳು ನಿಂತು ಹೇಳಿದ್ದನ್ನು ಕೇಳುತ್ತ ಅವರು ಅದೇ ಬಕೆಟನ್ನು ಎರಡು ಸಲ ತೊಳೆದರು. ಎಷ್ಟು ವರ್ಷದಿಂದ ಎಂದು ಕೇಳಿದರು. ಮೂರು ವರ್ಷ ಎಂದಳು.

“ನೀ ಬಟ್ಟೆ ತೆಗಿಯುವವಳಾ, ಹಾಕುವವಳಾ?”

“ಹಾಕುವವಳು ಅಪ್ಪ.”

“ಹಾಂಗಾದ್ರೆ ಅದನ್ನೇ ಹೇಳು ಅಲ್ಲಿ,” ಎಂದು ಅವರು ಬಕೆಟನ್ನು ಬೋರಲು ಹಾಕಿದರು. ಶುಕ್ರವಾರ ಎರಡೂವರೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜೀಪಿನಲ್ಲಿ ಕೂತಿದ್ದರು.

ಹೇಳುವುದು ಸುಲಭ, ನಂಬಿಸುವುದು ಬೇರೆ ಎಂದು ಶ್ವೇತಳಿಗೆ ಗೊತ್ತಿತ್ತು. ಅವಳ ಕಡತದಲ್ಲಿ ಚಿತ್ರ ಪದರ ಪದರವಾಗಿತ್ತು. ಸೀರೆಯ ಪದರವನ್ನು ಒಂದು ಗುಂಡಿಯಿಂದ ಮರೆಮಾಡಿದರೆ ಸಾಕು, ಕೆಳಗಿರುವುದು ಮೋಕ್ಷಿತಾ ಅಲ್ಲವೆಂದು ಕುರುಡನಿಗೂ ಗೊತ್ತಾಗುತ್ತದೆ. ಆ ಹೆಂಗಸು ಅವಳಿಗಿಂತ ಒಂದು ಗೇಣು ಎತ್ತರ, ಸೊಂಟದ ಕೆಳಗೆ ಹಕ್ಕಿಯ ಹಚ್ಚೆ ಬೇರೆ. ಆದರೆ ಆ ಗುಂಡಿ ಒತ್ತುವುದೆಂದರೆ ಮಂಡಳಿಯ ಐದು ಜನ ಗಂಡಸರ ಎದುರು ಅವಳನ್ನು ಬೆತ್ತಲೆ ನಿಲ್ಲಿಸುವುದು. ಶ್ವೇತ ಗುರುವಾರ ಮಧ್ಯಾಹ್ನ ಯೋಚಿಸಿ, ಸೀರೆಯ ಪದರವೊಂದನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡಳು. ಮೂಲ ಚಿತ್ರವನ್ನು ಮನೆಯಲ್ಲೇ ಬಿಟ್ಟಳು. ಯಾರಾದರೂ ಒತ್ತಾಯಿಸಿದರೆ ತೋರಿಸಲು ಸಾಧ್ಯವೇ ಇರಬಾರದು.

ಸಭೆ ನಡೆದದ್ದು ಸ್ಮಾರ್ಟ್ ಕ್ಲಾಸಿನ ಕೋಣೆಯಲ್ಲಿ, ಮಕ್ಕಳ ಕುಳ್ಳ ಬೆಂಚುಗಳ ಮೇಲೆ. ಅಧ್ಯಕ್ಷರು ಕುಟ್ಟಪ್ಪ, ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾದವರು, ಊರಿನ ಅರ್ಧ ಜನಕ್ಕೆ ಮಾವ. ಮಂಡಳಿಯಲ್ಲಿ ಜೋರು ದನಿ ಪುನೀತನದು. ಅವನಿಗೆ ಹಾರ್ಡ್‌ವೇರ್ ಅಂಗಡಿ, ಮಗಳು ಮೋಕ್ಷಿತಾಳ ತರಗತಿಯಲ್ಲೇ ಓದುತ್ತಿದ್ದಳು. ಪುಟದ ಬಣ್ಣದ ಪ್ರತಿ ತೆಗೆಸಿ ತಂದಿದ್ದ. ಅದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಮೇಲೆ ಡಸ್ಟರ್ ಇಟ್ಟಿದ್ದ. ಯಮುನ ಮಗಳ ಪಕ್ಕ ಕೂತು ಆ ಡಸ್ಟರನ್ನೇ ನೋಡುತ್ತಿದ್ದಳು.

ಶ್ವೇತ ಎದ್ದು ನಿಂತು ಹೇಳಬೇಕಾದದ್ದನ್ನು ಹೇಳಿದಳು. ಬಟ್ಟೆ ಹಾಕುವುದು ತನ್ನ ಕೆಲಸ, ಈ ಬಟ್ಟೆ ಮೋಕ್ಷಿತಾಳದು, ಉಟ್ಟಿರುವ ಮೈ ಅವಳದಲ್ಲ, ಫೋಟೋ ಯಾತಕ್ಕೆಂದು ಅವಳಿಗೆ ಗೊತ್ತಿರಲಿಲ್ಲ. ಐದಾರು ನಿಮಿಷ ಯಾರೂ ಅಡ್ಡ ಬರಲಿಲ್ಲ. ಮುಗಿದ ಮೇಲೆ ಪುನೀತ ಕೈ ಎತ್ತಿದ. ಅಕ್ಕ ತಂಗಿಯನ್ನು ಉಳಿಸಲು ಹೇಳುವ ಮಾತಿಗೂ ಸತ್ಯಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ ಎಂಬುದು ಅವನ ಪ್ರಶ್ನೆ. ಕೇಳಿದ್ದು ತಪ್ಪೂ ಅಲ್ಲ. ಮೂಲ ಚಿತ್ರ ಇದೆಯಂತಲ್ಲ, ಅದನ್ನು ತೋರಿಸಿದರೆ ಮಾತು ಮುಗಿಯಿತು ಎಂದ.

“ಅದನ್ನು ನಾನು ತಂದಿಲ್ಲ,” ಎಂದಳು ಶ್ವೇತ.

“ತರಬೇಕಿತ್ತಲ್ಲ ಮೇಡಂ. ಮುಖ್ಯವಾದ್ದನ್ನೇ ಬಿಟ್ಟು ಬಂದಿದ್ದೀರಿ.”

“ಬೇಕೆಂದೇ ಬಿಟ್ಟು ಬಂದೆ. ಆ ಹೆಂಗಸು ಒಪ್ಪಿಕೊಂಡದ್ದು ಪತ್ರಿಕೆಗೆ, ಅದೂ ಪಟ್ಟಿಯಲ್ಲಿರುವ ದೇಶಗಳಿಗೆ. ಈ ಕೋಣೆಗೆ ಒಪ್ಪಿಲ್ಲ.”

ಮೋಕ್ಷಿತಾ ಮೊದಲ ಬಾರಿಗೆ ತಲೆ ಎತ್ತಿ ಅಕ್ಕನನ್ನು ನೋಡಿದಳು.

ಹಾಗಾದರೆ ಸಾಕ್ಷಿ ಏನು ಎಂದು ಕುಟ್ಟಪ್ಪ ಕೇಳಿದರು. ಶ್ವೇತ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿ ದೊಡ್ಡ ಪರದೆಗೆ ಜೋಡಿಸಿದಳು. ಬಿಳಿಯ ನಡುವೆ ಬರೇ ಸೀರೆ ಮೂಡಿತು, ಒಳಗೆ ಯಾರೂ ಇಲ್ಲದೆ, ಹಗ್ಗಕ್ಕೆ ಹಾಕಿದ ಹಾಗೆ. ಹಸಿರು ಹೊಲಿಗೆ ಅಂಗೈಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಇದನ್ನು ಯಾರಿಗೆ ಬೇಕಾದರೂ ಉಡಿಸಬಹುದು ಎಂದಳು. ಪುನೀತ ಹಾಗೆಂದರೇನು ಎಂಬಂತೆ ನೋಡಿದ. ಶ್ವೇತ ಅಧ್ಯಕ್ಷರ ಕಡೆ ತಿರುಗಿದಳು.

“ಮಾವ, ನಿಮ್ಮದೊಂದು ಫೋಟೋ ತೆಗೆಯಬಹುದಾ, ಹಿಂದಿನಿಂದ? ಈ ಸೀರೆಯನ್ನು ನಿಮಗೆ ಉಡಿಸಿ ಇಲ್ಲಿಯವರಿಗೆ ಮಾತ್ರ ತೋರಿಸುತ್ತೇನೆ. ತೋರಿಸಿದ ಮೇಲೆ ನಿಮ್ಮ ಎದುರಿಗೇ ಅಳಿಸುತ್ತೇನೆ. ಬೇಡವೆಂದರೆ ಬೇಡ.”

ಎಷ್ಟು ಹೊತ್ತು ಬೇಕೆಂದು ಕುಟ್ಟಪ್ಪ ಕೇಳಿದರು. ಇಪ್ಪತ್ತು ನಿಮಿಷ ಎಂದಳು. ಅವರು ಎದ್ದು, ಅಂಗಿಯನ್ನು ಕೆಳಗೆಳೆದು ಸರಿಮಾಡಿಕೊಂಡು, ಪೆರೇಡಿನಲ್ಲಿ ತಿರುಗುವಂತೆ ಹಿಮ್ಮಡಿಯ ಮೇಲೆ ತಿರುಗಿ ಕಿಟಕಿಗೆ ಮುಖ ಮಾಡಿ ನಿಂತರು.

ಚಹಾ ಬಂತು. ಶ್ವೇತ ಎಲ್ಲರಿಗೂ ಕಾಣುವಂತೆ ಪರದೆಯ ಮೇಲೇ ಕೆಲಸ ಮಾಡಿದಳು. ಸೊಂಟ ಅಗಲವಾಗಿತ್ತು, ಸೀರೆಯನ್ನು ಹಿಗ್ಗಿಸಬೇಕಾಯಿತು. ಬಲ ಭುಜದ ಮೇಲೆ ಸೆರಗು ಕೂರಿಸಿದಳು, ಪ್ಯಾಂಟಿನ ಜೇಬಿನಿಂದ ಇಣುಕುತ್ತಿದ್ದ ಕರವಸ್ತ್ರವನ್ನು ನೆರಿಗೆಯ ಅಡಿಗೆ ಸೇರಿಸಿದಳು. ಬೆಳಕು ಎಡಗಡೆಯ ಬಾಗಿಲಿನಿಂದಲೂ ಬರುತ್ತಿದ್ದುದರಿಂದ ಏಳು ನೆರಿಗೆಗೂ ಬಲಕ್ಕೆ ನೆರಳು ಕೊಟ್ಟಳು. ಮೊದಮೊದಲು ಪಿಸುಗುಟ್ಟುತ್ತಿದ್ದ ಮಂಡಳಿಯವರು ಚಹಾ ಲೋಟ ಕೈಯಲ್ಲಿ ಹಿಡಿದು ಪರದೆಯ ಹತ್ತಿರ ಬಂದು ನಿಂತರು. ಇಪ್ಪತ್ತೆರಡು ನಿಮಿಷವಾಯಿತು. ಬೋಳುತಲೆ, ಸೈನಿಕನ ಹೆಗಲು, ಕೆಂಪು ಸೀರೆ, ಮೂರನೆಯ ನೆರಿಗೆಯ ಮೇಲೆ ಹಸಿರು ಹೊಲಿಗೆ. ಸಂಪಾಜೆಯ ಕುಟ್ಟಪ್ಪ ಕಿಟಕಿಯಾಚೆ ದಿಟ್ಟಿಸುತ್ತ ನಿಂತಿದ್ದರು.

ಮೊದಲು ನಕ್ಕವಳು ಯಮುನ. ಮೂರು ದಿನದಿಂದ ತಡೆದುಕೊಂಡದ್ದೆಲ್ಲ ಆ ನಗುವಿನಲ್ಲಿ ಹೊರಬಂದು, ಕೊನೆಗೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳಬೇಕಾಯಿತು. ಕುಟ್ಟಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

“ಇದನ್ನ ನಮ್ಮ ಮನೆಯವಳಿಗೆ ತೋರಿಸಬೇಡಿ,” ಎಂದರು. “ನಲವತ್ತು ವರ್ಷದಿಂದ ಉಡ್ತಾ ಇದ್ದಾಳೆ, ಇಷ್ಟು ಚಂದ ಅವಳಿಗೂ ಬಂದಿಲ್ಲ.”

ಆಮೇಲೆ ಪುನೀತನ ಕಡೆ ತಿರುಗಿ, ಈಗ ಈ ಚಿತ್ರ ಫೋನಿನಲ್ಲಿ ಬಂದರೆ ಕುಟ್ಟಪ್ಪ ಸೀರೆ ಉಟ್ಟು ನಿಂತಿದ್ದ ಎಂದು ಮಂಡಳಿ ಕರೆಯಬೇಕಾದೀತೇ ಎಂದು ಕೇಳಿದರು. ಪುನೀತ ಡಸ್ಟರ್ ಸರಿಸಿ ಪ್ರತಿಯನ್ನು ಮಗುಚಿ, ಪರದೆಯನ್ನೂ ಅದನ್ನೂ ಎರಡೆರಡು ಸಲ ನೋಡಿದ. ಆಮೇಲೆ ಆ ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಪೋಷಕರ ಗುಂಪಿನಲ್ಲಿ ತಾನೇ ಬರೆಯುತ್ತೇನೆ ಎಂದ. ಸೋಮವಾರದಿಂದ ಟೀಚರ್ ಬರಬಹುದೆಂದು ನಡವಳಿಯಲ್ಲಿ ದಾಖಲಾಯಿತು. ಶ್ವೇತ ಅಧ್ಯಕ್ಷರ ಚಿತ್ರವನ್ನು ಫೋನಿನಿಂದ, ಲ್ಯಾಪ್‌ಟಾಪಿನಿಂದ, ಲ್ಯಾಪ್‌ಟಾಪಿನ ಕಸದ ಬುಟ್ಟಿಯಿಂದ, ಹೀಗೆ ಮೂರು ಕಡೆಯಿಂದ ಅಳಿಸಿ ಅವರಿಗೆ ತೋರಿಸಿದಳು.

ಹೊರಗೆ ಶಶಿಧರ ಜೀಪು ತಿರುಗಿಸುತ್ತಿದ್ದರು. ಎಲ್ಲ ಸರಿಹೋಯಿತೆಂದು ಶ್ವೇತ ಅಂದುಕೊಂಡಿದ್ದಳು. ಮೋಕ್ಷಿತಾ ಮೆಟ್ಟಿಲ ಮೇಲೆ ಅವಳನ್ನು ತಡೆದು ನಿಲ್ಲಿಸಿದಳು.

“ಆ ಹೆಂಗಸಿನ ಒಪ್ಪಿಗೆ ನಿಂಗೆ ನೆನ್ಪಿತ್ತು. ಕುಟ್ಟಪ್ಪ ಮಾವನ ಹತ್ರ ಕೇಳ್ದೆ, ಅಳಿಸಿ ತೋರ್ಸಿದೆ. ನನ್ನತ್ರ ಕೇಳಿಲ್ಲೆ, ಶ್ವೇತಕ್ಕ.”

ಮನೆಯವಳೆಂದು ಕೇಳಲಿಲ್ಲ ಎಂದು ಶ್ವೇತ ಹೇಳಬಹುದಿತ್ತು. ನಿಜವೂ ಅದೇ. ಆದರೆ ಹಸಿರು ಹೊಲಿಗೆ ಕಾಣದೆ ಹೋದದ್ದೂ ಅದೇ ಕಾರಣಕ್ಕೆ ಎಂದು ಆಗ ಹೊಳೆಯಿತು.

ಆ ಸಂಜೆಯೇ ಅವಳು ಸಿಂಗಾಪುರಕ್ಕೆ ಬರೆದಳು. ಜನವರಿಯ ನಮೂನೆಯಲ್ಲಿ ಏಳನೆಯ ಪ್ರಶ್ನೆಗೆ ತಾನು ಕೊಟ್ಟ ಉತ್ತರ ತಪ್ಪು, ಅದು ‘ಹೌದು’ ಎಂದಾಗಬೇಕಿತ್ತು, ಸಭೆಯಲ್ಲಿ ತಾನು ಕೆಲಸದ ಗೋಪ್ಯತೆಯನ್ನೂ ಮುರಿದಿದ್ದೇನೆ. ಶನಿವಾರ ಉತ್ತರ ಬಂತು, ಸೌಜನ್ಯದ, ಚಿಕ್ಕ ಉತ್ತರ. ಆ ವ್ಯಕ್ತಿಯ ಸಹಿಯಿರುವ ಒಪ್ಪಿಗೆ ಪತ್ರ ಬಂದರೆ ಬರೇ ಎಚ್ಚರಿಕೆ ಕೊಟ್ಟು ಬಿಡುತ್ತೇವೆ. ಬಾರದಿದ್ದರೆ ಆನ್‌ಲೈನ್ ಸಂಚಿಕೆಯಿಂದ ಚಿತ್ರ ತೆಗೆಯುತ್ತೇವೆ, ಭಾರತದ ಆವೃತ್ತಿಯ ಕೆಲಸವನ್ನು ಬೇರೆಯವರಿಗೆ ಕೊಡುತ್ತೇವೆ.

ಭಾನುವಾರ ಶ್ವೇತ ಒಪ್ಪಿಗೆ ಪತ್ರದ ಪ್ರತಿ ಹಿಡಿದು ಚಿಕ್ಕಮ್ಮನ ಮನೆಗೆ ಹೋದಳು. ಮೋಕ್ಷಿತಾ ಜಗಲಿಯಲ್ಲಿ ಕೂತು ಎರಡೂ ಪುಟ ಓದಿದಳು. ಇಂಗ್ಲಿಷಿನ ಒಂದು ವಾಕ್ಯದ ಅರ್ಥ ಕೇಳಿದಳು. ಸಹಿ ಹಾಕದಿದ್ದರೆ ಏನಾಗುತ್ತದೆ ಎಂದೂ ಕೇಳಿದಳು. ಶ್ವೇತ ಏನನ್ನೂ ಕಡಿಮೆ ಮಾಡದೆ ಹೇಳಿದಳು.

“ನಾ ಸೈನ್ ಹಾಕುದಿಲ್ಲೆ,” ಎಂದಳು ಮೋಕ್ಷಿತಾ. “ಕೋಪಕ್ಕೆ ಅಲ್ಲ. ನಾ ಅವತ್ತು ಮಕ್ಕಳ ಪ್ರೋಗ್ರಾಮಿಗೆ ಅಂತ ಉಟ್ಟದ್ದು. ಇನ್ನೊಂದಕ್ಕೆ ಉಟ್ಟದ್ದು ಅಂತ ಈಗ ಬರ್ದು ಕೊಟ್ರೆ ಸುಳ್ಳಾಗ್ತದೆ.”

ಶ್ವೇತ ಸರಿ ಎಂದು ಪತ್ರವನ್ನು ಮಡಚಿಕೊಂಡಳು. ಮನೆಗೆ ಬಂದು ಸಹಿಯಿಲ್ಲದ ಆ ಪತ್ರಕ್ಕೂ ಒಂದು ಸಂಖ್ಯೆ ಹಾಕಿ ಕಡತದಲ್ಲಿಟ್ಟಳು. ವ್ಯಕ್ತಿ ಒಪ್ಪಿಲ್ಲ ಎಂದು ಒಂದು ಸಾಲು ಸಿಂಗಾಪುರಕ್ಕೆ ಬರೆದಳು. ಕೋಷ್ಟಕದಲ್ಲಿ ಅವಳ ಪಾಲಿಗೆ ಎಂಟು ದೇಶಗಳು ಉಳಿದವು.

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಯಮುನ ಚಿಕ್ಕಮ್ಮನ ಕರೆ ಬಂತು. ತನಗೆ ಸೊಂಟ ಹಿಡಿದುಕೊಂಡಿದೆ, ಬಗ್ಗಲು ಆಗುವುದಿಲ್ಲ, ಮೋಕ್ಷಿತಾ ಕರೆಯುತ್ತಿದ್ದಾಳೆ. ಯಾಕೆಂದು ಶ್ವೇತ ಕೇಳಲಿಲ್ಲ. ಹಿಂದಿನ ನೆರಿಗೆಯನ್ನು ಒಬ್ಬಳೇ ಹೇಗೋ ಸಿಕ್ಕಿಸಿಕೊಳ್ಳಬಹುದು, ಆದರೆ ಅದು ಸಮವಾಗಿ ಕೂರಬೇಕಾದರೆ ಇನ್ನೊಬ್ಬರ ಕೈ ಬೇಕು.

ಮೋಕ್ಷಿತಾ ಕನ್ನಡಿಯ ಮುಂದೆ ನಿಂತಿದ್ದಳು, ಅದೇ ಕೆಂಪು ಸೀರೆಯನ್ನು ಅರ್ಧ ಸುತ್ತಿಕೊಂಡು. ಚಿಕ್ಕಮ್ಮ ಕೆಂಪು ದಾರ ತಂದು, ಹಸಿರು ಹೊಲಿಗೆ ಬಿಚ್ಚಿ ಬೇರೆ ಹಾಕಿಕೊಡುತ್ತೇನೆಂದು ನಿನ್ನೆಯೇ ಹೇಳಿದ್ದಳಂತೆ. ಮಗಳು ಬೇಡವೆಂದಿದ್ದಳು. ನೋಡುವವರು ನೋಡಲಿ, ಇದು ಯಾರ ಸೀರೆ ಎಂದು ಗೊತ್ತಾಗಲಿ ಎಂದಿದ್ದಳು.

ಶ್ವೇತ ಅವಳ ಹಿಂದೆ ನೆಲದ ಮೇಲೆ ಮಂಡಿಯೂರಿದಳು. ಪರದೆಯ ಮೇಲೆ ಅಳೆದು ಅಳೆದು ಗೊತ್ತಿದ್ದ ಬಟ್ಟೆ ಕೈಗೆ ಬೇರೆಯಾಗಿತ್ತು, ತೂಕವಿತ್ತು, ಇಸ್ತ್ರಿಯ ಬಿಸಿ ಇನ್ನೂ ಇತ್ತು. ಒಂದು, ಎರಡು ಎಂದು ನೆರಿಗೆ ಹಿಡಿಯತೊಡಗಿದಳು.

“ಫೋನ್ ಎಲ್ಲುಟ್ಟು ಶ್ವೇತಕ್ಕ?” ಎಂದು ಮೋಕ್ಷಿತಾ ಕನ್ನಡಿಯೊಳಗಿಂದ ಕೇಳಿದಳು.

“ಮನೇಲಿ ಇಟ್ಟು ಬಂದೆ.”

“ಹಾಂಗಾದ್ರೆ ಸರಿ. ಬಸ್ಸಿಗೆ ಹೊತ್ತಾತ್, ಬೇಗ ಮಾಡು.”

ಮೂರನೆಯ ನೆರಿಗೆಯಲ್ಲಿ ಹಸಿರು ಹೊಲಿಗೆ ಬೆರಳಿಗೆ ಒರಟಾಗಿ ತಾಗಿತು. ಶ್ವೇತ ಅದನ್ನು ಹೊರಗೆ ಕಾಣುವ ಹಾಗೆ ತಿರುಗಿಸಿ ಇಟ್ಟು, ನಾಲ್ಕನೆಯದನ್ನು ಹಿಡಿದಳು.